ಮೂವತ್ತೆಂಟು ಹೆಬ್ಬೆಟ್ಟು

"ಅಕ್ಕಾ, ಜರಾ ಇಲ್ಲಿ ಬರ್ರಿ," ಎಂದಳು ಟೈಪಿಂಗ್ ಹುಡುಗಿ ಮಿನಾಜ, ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ. "ಇವೆಲ್ಲಾ ಒಬ್ಬಾಕಿದೇ ಹೆಬ್ಬಟ್ ಇದ್ದಂಗ ಕಾಣಾಕತ್ತಾವಲ್ರಿ?"

ಆಳಂದದ ಬಸ್ ನಿಲ್ದಾಣದ ಎದುರಿಗಿದ್ದ ಆ ಟೈಪಿಂಗ್ ಅಂಗಡಿಯಲ್ಲಿ ರಾಧಿಕಾ ಬೆಳಿಗ್ಗೆ ಹತ್ತರಿಂದ ಕೂತಿದ್ದಳು. ತಾಲ್ಲೂಕಿನ ತೊಗರಿ ಹೊಲಗಳಲ್ಲಿ ಕೂಲಿ ಮಾಡುವ ಹೆಂಗಸರ ಬಗ್ಗೆ ಆರು ವರ್ಷದಿಂದ ಎಳೆದುಕೊಂಡು ಬಂದ ಮಹಾಪ್ರಬಂಧ ಈಗ ಮುಗಿಯಬೇಕಿತ್ತು. ಆರು ಹಳ್ಳಿ, ಇನ್ನೂರ ನಲವತ್ತು ಹೆಂಗಸರು, ಒಬ್ಬೊಬ್ಬರಿಗೂ ಒಂದೊಂದು ಫಾರ್ಮು. ಜನವರಿ ಮೂವತ್ತೊಂದು ಕೊನೆಯ ದಿನ. ವಿಶ್ವವಿದ್ಯಾಲಯದವರು ಎರಡು ಸಲ ಹೆಚ್ಚಿನ ಅವಧಿ ಕೊಟ್ಟು, ಮೂರನೆಯ ಸಲ ಕೇಳಬೇಡಿ ಎಂದು ಕಾಗದ ಕಳಿಸಿದ್ದರು. ಅಂದು ಒಪ್ಪಿಸದಿದ್ದರೆ ನೋಂದಣಿಯೇ ರದ್ದು. ಅವಳು ಅಫಜಲಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪಿಎಚ್.ಡಿ. ಇಲ್ಲದವರಿಗೆ ಮುಂದಿನ ವರ್ಷ ಪಾಠ ಇಲ್ಲ ಎಂದು ಅಲ್ಲಿಯೂ ಹೇಳಿಯಾಗಿತ್ತು. ಆ ದಿನ ಜನವರಿ ಎರಡು.

ಪ್ರಬಂಧದ ಕೊನೆಗೆ ಸೇರಿಸಲೆಂದು ಮಿನಾಜ ಸರಸಂಬಾ ಹಳ್ಳಿಯ ಕಟ್ಟನ್ನು ಬಿಚ್ಚಿ ಸ್ಕ್ಯಾನ್ ಮಾಡುತ್ತಿದ್ದಳು. 'ಈ ಮಾಹಿತಿಯನ್ನು ಸ್ವಇಚ್ಛೆಯಿಂದ ನೀಡಿದ್ದೇನೆ' ಎಂಬ ಸಾಲಿನ ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು. ಪರದೆಯ ಮೇಲೆ ಅದು ಅಂಗೈಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ನಟ್ಟನಡುವೆ, ಮೇಲಿನಿಂದ ಕೆಳಕ್ಕೆ ಓರೆಯಾಗಿ, ಶಾಯಿ ಹತ್ತದ ಒಂದು ಬಿಳಿ ಗೆರೆ.

"ಕುಡಗೋಲ ಹಿಡಿಯೋ ಮಂದಿ. ಗಾಯ ಆಗಿರ್ತಾವ," ಎಂದಳು ರಾಧಿಕಾ.

"ಮೂವತ್ತೆಂಟು ಮಂದಿಗೂ ಒಂದೇ ಜಾಗಾದಾಗೇನ್ರಿ?" ಮಿನಾಜ ನಕ್ಕಳು. ಅವಳ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ರಾಧಿಕಾಳ ಮುಖ ನೋಡಿದ ಮೇಲೆ ಅದೂ ನಿಂತಿತು.

"ಮಿನಾಜ, ಅದನ್ನ ಬಂದ್ ಮಾಡವಾ. ಯಾರಿಗೂ ಹೇಳಬ್ಯಾಡ."

"ನಾ ಯಾಕ ಹೇಳಲಿ ಅಕ್ಕಾ? ನಾ ಏನೂ ನೋಡಿಲ್ಲ."

ರಾಧಿಕಾ ಕಟ್ಟನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ನಡೆದಳು. ಆ ಗೆರೆ ಯಾರ ಬೆರಳಿನದೆಂದು ಅವಳಿಗೆ ಕಂಡ ಕ್ಷಣವೇ ಗೊತ್ತಾಗಿತ್ತು. ಆ ಬೆರಳು ನಾದಿದ ಹಿಟ್ಟಿನ ರೊಟ್ಟಿ ತಿಂದೇ ಅವಳು ಬೆಳೆದದ್ದು.

ಅವ್ವ ಸಾಬವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅತ್ತಿಗೆ ಭಾಗ್ಯಾ ಪುಂಡಿಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಅಪ್ಪ ಧರ್ಮಣ್ಣ ಬೇಳೆ ಮಿಲ್ಲಿನಲ್ಲಿ ಹಮಾಲಿ; ಕೆಲಸವಿದ್ದ ದಿನ ಅವ್ವನೂ ಅಲ್ಲಿಗೆ ಬೇಳೆ ಆರಿಸಲು ಹೋಗುವಳು. ಮಧ್ಯಾಹ್ನದ ಊಟಕ್ಕೆ ಬಂದವನು ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊದ ಕೆಳಗೆ ತಟ್ಟೆ ಹಿಡಿದು ಕೂತಿದ್ದ.

"ಬಾ ಬೇ, ಬಿಸಿ ಅದ," ಎಂದು ಅವ್ವ ಒಂದು ರೊಟ್ಟಿ ಹಾಕಿದಳು. ಎಡಗೈ ಹೆಬ್ಬೆರಳಿನ ಕಲೆ ಹಿಟ್ಟಿನ ಕೆಳಗೆ ಮರೆಯಾಗಿತ್ತು. ರಾಧಿಕಾ ಎರಡು ತುತ್ತು ತಿಂದು ಎದ್ದಳು.

"ಯಾಕ, ಉಪ್ಪ ಹೆಚ್ಚಾಗ್ಯಾದೇನು?"

"ಹಸಿವಿಲ್ಲ ಅವ್ವಾ."

ಅಂದು ಕೇಳಲಿಲ್ಲ, ಮರುದಿನವೂ ಇಲ್ಲ. ಕೇಳಿದರೆ ಉತ್ತರ ಬರುತ್ತದೆ, ಬಂದ ಉತ್ತರವನ್ನು ಹಿಂದಕ್ಕೆ ಕಳಿಸಲಾಗದು ಎಂಬ ಭಯ. ಮೂರನೆಯ ದಿನ ಕಾಲೇಜಿನಲ್ಲಿ ಪಾಠ ಹೇಳುತ್ತ ಒಂದೇ ವಾಕ್ಯವನ್ನು ಎರಡು ಸಲ ಹೇಳಿದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದು ಸಂಜೆ ಮನೆಗೆ ಬಂದವಳೇ, ಚೀಲ ಇಡುವ ಮೊದಲೇ ಕೇಳಿಬಿಟ್ಟಳು.

"ಅವ್ವಾ, ಸರಸಂಬಾದ ಕಾಗದದ ಮ್ಯಾಲ ಹೆಬ್ಬಟ್ ಯಾರು ಒತ್ತಿದ್ರು?"

ಸಾಬವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಲಿಲ್ಲ. "ನಾನೇ."

"ಮೂವತ್ತೆಂಟೂ?"

"ಯಾರು ಎಣಿಸ್ಯಾರ? ಭಾಗ್ಯಾ ಒಂದೊಂದೇ ಮುಂದ ಇಟ್ಲು, ನಾ ಒತ್ತಕೋತ ಹೋದೆ."

ಎರಡು ವರ್ಷದ ಹಿಂದೆ ರಾಧಿಕಾ ವಿಷಮಜ್ವರದಲ್ಲಿ ಬಿದ್ದಿದ್ದಳು. ಐದು ಹಳ್ಳಿ ತಾನೇ ಅಲೆದು ಮುಗಿಸಿದ್ದಳು, ಸರಸಂಬಾ ಒಂದು ಉಳಿದಿತ್ತು. ಅದು ಸಾಬವ್ವನ ತವರು. "ನನ್ನ ಜತಿ ಕಳೆ ತಗದ ಹೆಣ್ಮಕ್ಳು ಅವರು, ನಾ ಹೋಗಿ ಕೇಳಿ ಬರ್ತೇನಿ, ನೀ ಮಲಕೊ," ಎಂದು ಅವ್ವ, ಹತ್ತನೆಯ ತರಗತಿ ಓದಿದ ಭಾಗ್ಯಾಳನ್ನು ಬರೆಯಲು ಕರೆದುಕೊಂಡು ಹೋಗಿದ್ದಳು. ಮೂರು ದಿನದಲ್ಲಿ ಮೂವತ್ತೆಂಟು ಫಾರ್ಮು ತಂದುಕೊಟ್ಟಿದ್ದರು.

"ಅವರು ಹೇಳಿದ್ದು ಹೇಳಿದಂಗ ಬರದೇವಿ," ಎಂದಳು ಸಾಬವ್ವ. "ಹೆಬ್ಬಟ್ ಅಂದ ಕೂಡ್ಲೇ ಎಲ್ಲಾರೂ ಕೈ ಸೆರಗಿನ್ಯಾಗ ಮುಚ್ಚಿಕೊಂಡ್ರು. ಹಿಂದಿನ ವರ್ಷ ಯಾರೋ ಬಂದು ಹಿಂಗೇ ಒತ್ತಿಸಿಕೊಂಡು ಹೋದ ಮ್ಯಾಲ ಎಂಟು ಮನಿ ರೇಷನ್ ಕಾರ್ಡ್ ಬಂದ್ ಆಗ್ಯಾವಂತ. ಅದಕ್ಕೂ ಇದಕ್ಕೂ ಸಂಬಂಧ ಅದನೋ ಇಲ್ಲೋ. ಹೆದರಿದವ್ರಿಗಿ ಏನು ಹೇಳೋದು?"

"ಒತ್ತದಿದ್ರ ಹಂಗೇ ತರಬೇಕಿತ್ತು!"

"ಹೆಬ್ಬಟ್ ಇಲ್ಲಂದ್ರ ಕಾಗದ ನಡಿಯಂಗಿಲ್ಲ ಅಂತ ಜ್ವರದಾಗ ಅತ್ತಾಕಿ ಯಾರು? ನೀನೇ. ಈ ಮನ್ಯಾಗ ನಿಮಗೆಲ್ಲಾ ಸಹಿ ಅದ. ನಿಮ್ಮಪ್ಪನೂ ರಾತ್ರಿ ಸಾಲಿಗಿ ಹೋಗಿ ಕಲ್ತಾನ. ನನ್ನ ಹಂತ್ಯಾಕ ಇದ್ದದ್ದು ಇದೊಂದು. ಕೊಟ್ಟೆ."

ಅಣ್ಣ ಸತೀಶಕುಮಾರ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಅವನು ಆಳಂದ–ನರೋಣಾ ನಡುವೆ ಟಂಟಂ ಆಟೋ ಓಡಿಸುತ್ತಿದ್ದ. "ಇದಕ್ಯಾಕ ಇಷ್ಟು ಗದ್ಲ? ಪುಸ್ತಕ ನೋಡೋ ಸಾಹೇಬ್ರು ಹೆಬ್ಬಟ್ ಹಿಡಕೊಂಡು ಕೂಡ್ತಾರೇನು? ಆ ಹಾಳಿ ಕಿತ್ತಿ ಒಗಿ, ಉಳಿದದ್ದು ಕೊಟ್ಟು ಬಾ."

"ಹಂಗ ಮಾಡಾಕ ಬರಂಗಿಲ್ಲ ಅಣ್ಣಾ."

"ಬರಂಗಿಲ್ಲ ಅಂದ್ರ ಕುಂತು ಅಳು. ನಿನ್ನ ಡಾಕ್ಟರ್ ಪದವಿ ಸಲುವಾಗಿ ಆರು ವರ್ಷದಿಂದ ಈ ಮನ್ಯಾಗ ಟಿವಿ ಹಚ್ಚಿಲ್ಲ!"

ಕೈಕಾಲು ತೊಳೆದು ಬಂದ ಧರ್ಮಣ್ಣ ಎಲ್ಲವನ್ನೂ ಕೇಳಿದ. ಆಮೇಲೆ ಒಂದೇ ಮಾತು ಆಡಿದ: "ಇದಕ್ಕ ಪೊಲೀಸ್ ಕೇಸ್ ಆಗ್ತದೇನವಾ?"

ಯಾರಿಗೂ ಗೊತ್ತಿರಲಿಲ್ಲ. ಸಾಬವ್ವನ ಕೈ ಆಗ ನಿಂತಿತು.

ಮರುದಿನ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಭಾಗ್ಯಾ, ರಾಧಿಕಾ ನೀರು ತುಂಬಲು ಬಂದಾಗ ತಲೆ ಎತ್ತದೆ ಅಂದಳು, "ಇನ್ನೊಂದು ಅದ. ನನ್ನ ಬೈಬ್ಯಾಡ."

"ಏನು ವೈನಿ?"

"ಕೂಲಿ ರೊಕ್ಕ ಯಾರ ಕೈಯಾಗ ಇರ್ತದ ಅನ್ನೋ ಪ್ರಶ್ನಿ ಇತ್ತಲ್ಲ. ಅದನ್ನ ನಾವು ಯಾರಿಗೂ ಕೇಳ್ಲೇ ಇಲ್ಲ. ಅತ್ತಿನೇ ಹೇಳಿದ್ರು. ಎಲ್ಲಾರದೂ 'ನನ್ನ ಕೈಯಾಗೇ' ಅಂತ ಬರಿ ಅಂದ್ರು. ಎಲ್ಲಾ ಒಂದೇ ಆದ್ರ ಅನುಮಾನ ಬರ್ತದ ಅಂತ ನಾ ಅಂದೆ. ಆಮ್ಯಾಲ ಹತ್ತು ಮಂದಿದು 'ಗಂಡನ ಕೈಯಾಗ' ಅಂತ ಬರಸಿದ್ರು."

ರಾಧಿಕಾ ಕೊಡವನ್ನು ಕೆಳಗಿಟ್ಟಳು. ಐದನೆಯ ಅಧ್ಯಾಯ ನಿಂತದ್ದೇ ಆ ಪ್ರಶ್ನೆಯ ಮೇಲೆ. ಬೇರೆ ಐದು ಹಳ್ಳಿಗಳಲ್ಲಿ ಕೂಲಿ ಗಂಡಸರ ಕೈ ಸೇರುತ್ತದೆ, ಸರಸಂಬಾದಲ್ಲಿ ಮಾತ್ರ ಮೂವತ್ತೆಂಟರಲ್ಲಿ ಇಪ್ಪತ್ತೆಂಟು ಹೆಂಗಸರು ತಮ್ಮ ಕೂಲಿಯನ್ನು ತಾವೇ ಇಟ್ಟುಕೊಳ್ಳುತ್ತಾರೆ, ಇದಕ್ಕೆ ಕಾರಣವೇನು ಎಂದು ನಲವತ್ತು ಪುಟ ಬರೆದಿದ್ದಳು. ವಿಚಾರ ಸಂಕಿರಣದಲ್ಲಿ ಓದಿದಾಗ ಗೈಡ್ ಸಾಯಿರಾ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು.

"ನೀನಾದ್ರೂ ನನಗ ಹೇಳಬೇಕಿತ್ತಿಲ್ಲೋ ವೈನಿ!"

"ಅತ್ತಿ ವಿರುದ್ಧ ಹೆಂಗ ಹೇಳಲಿ? ನಾ ಜೇವರ್ಗಿಯಿಂದ ಬಂದು ಆಗ ವರ್ಷ ಸೈತ ಆಗಿದ್ದಿಲ್ಲ." ಭಾಗ್ಯಾ ಬಟ್ಟೆ ಹಿಂಡುತ್ತ ಮೆಲ್ಲಗೆ ಸೇರಿಸಿದಳು, "ನೀನೂ ಸಹಿ ಮಾಡಿದಿಯಲ್ಲ. 'ಸಂದರ್ಶಿಸಿದವರು ರಾಧಿಕಾ' ಅಂತ. ಮೂವತ್ತೆಂಟು ಸಲ. ಹೊರಸಿನ ಮ್ಯಾಲ ಮಲಕೊಂಡು."

ರಾಧಿಕಾ ಕೊಡವನ್ನು ಎತ್ತಿಕೊಂಡು ಒಳಗೆ ಹೋದಳು. ಅವ್ವನ ಮೇಲಿನ ಸಿಟ್ಟು ಹೋಗಲಿಲ್ಲ, ಆದರೆ ಅದರ ಕೆಳಗೆ ಇನ್ನೊಂದು ಭಯ ಬಂದು ಕೂತಿತು. ಅಂದಿನಿಂದ ಫೋನು ಬಡಿದರೆ ಬೆಚ್ಚುವಳು. ಕನ್ನಡಿಯ ಮುಂದೆ ತಲೆ ಬಾಚುವಾಗ, ಇನ್ನು ಯಾವ ಮುಖ ಇಟ್ಟುಕೊಂಡು ಹುಡುಗಿಯರಿಗೆ ಪಾಠ ಹೇಳಲಿ ಎನಿಸುವುದು.

"ಯಾಕ ಹಂಗ ಬರಸಿದಿ?" ಎಂದು ಅವ್ವನನ್ನು ಕೇಳಿದಳು.

"ಮತ್ತೇನು ಬರಸಬೇಕಿತ್ತು? ಗಂಡ ಕಸಗೊಂಡು ಕುಡೀತಾನ ಅಂತ ಬರಸಬೇಕಿತ್ತೇನು? ಪುಸ್ತಕ ಆಗ್ತದಂತ, ಯಾರ್ಯಾರೋ ಓದ್ತಾರಂತ. ನನ್ನ ತವರಿನ ಹೆಣ್ಮಕ್ಳ ಮರ್ಯಾದಿ ನಾನೇ ಕಳೀಬೇಕಿತ್ತೇನು?"

ಉಳಿದದ್ದು ಒಂದೇ ದಾರಿ. ಸರಸಂಬಾಕ್ಕೆ ಹೋಗಿ ಮೂವತ್ತೆಂಟು ಜನರನ್ನೂ ಮತ್ತೆ ಕೇಳುವುದು. ಆದರೆ ತೊಗರಿ ಕೊಯ್ದು ರಾಶಿ ಮಾಡುವ ದಿನಗಳು. ಹೆಂಗಸರು ನಸುಕಿಗೇ ಟೆಂಪೋ ಹತ್ತಿ ಹೋದರೆ ಕತ್ತಲಾದ ಮೇಲೆ ಬರುವುದು. ಎಲ್ಲರೂ ಒಟ್ಟಿಗೆ ಸಿಗುವುದು ಎಳ್ಳು ಅಮಾವಾಸ್ಯೆಯ, ಎಳ್ಳಮಾಸಿಯ ದಿನ, ಅದು ಹನ್ನೊಂದಕ್ಕೆ ಇತ್ತು. ಅಂದು ಯಾರೂ ಕೂಲಿಗೆ ಹೋಗುವುದಿಲ್ಲ. ಹೊಲ ಇದ್ದವರು ಬೆಳೆಯ ಮೇಲೆ ಎಡೆಯ ಚರಗ ಚೆಲ್ಲಿ, ಇಲ್ಲದವರನ್ನೂ ಕರೆದು ಹೊಲದಲ್ಲೇ ಉಣಿಸುತ್ತಾರೆ.

ಅಂದು ಸತೀಶಕುಮಾರನೇ ಗೊಣಗುತ್ತ ಟಂಟಂ ತೆಗೆದ. ಅವ್ವ ಕಾಳು-ಸೊಪ್ಪಿನ ಭಜ್ಜಿಯ ಡಬ್ಬಿ, ಸಜ್ಜೆ ರೊಟ್ಟಿಯ ಗಂಟು ಕಟ್ಟಿಕೊಂಡಳು. ರಾಧಿಕಾ ಫಾರ್ಮಿನ ಚೀಲವನ್ನು ಎದೆಗೆ ಅವುಚಿಕೊಂಡು ಕೂತಳು.

ಸರಸಂಬಾದ ಹೊಲವೊಂದರ ಬನ್ನಿಮರದ ಕೆಳಗೆ ಇಪ್ಪತ್ತೈದು ಮೂವತ್ತು ಹೆಂಗಸರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಸಾಬವ್ವನನ್ನು ಕಂಡು ಖಮರಬೀ ಎದ್ದು ಬಂದು ತಬ್ಬಿಕೊಂಡಳು. ಇಬ್ಬರೂ ಹುಡುಗಿಯರಾಗಿದ್ದಾಗಿನಿಂದ ಒಂದೇ ಸಾಲಿನಲ್ಲಿ ಕಳೆ ತೆಗೆದವರು. "ಅರೇ ಸಾಬಿ! ಹಬ್ಬದ ದಿನ ತವರು ನೆನಪಾತೇನು? ಮಗಳು ಹಿಂಗ್ಯಾಕ ಸೊರಗ್ಯಾಳ, ಓದಿ ಓದಿ ಕರಗಿದ್ಳಲ್ಲ!"

ಬಂದವರಿಗೂ ಊಟವಾಯಿತು. ರಾಧಿಕಾ ಫಾರ್ಮು ತೆಗೆದು, ಹೊಸದಾಗಿ ಕೇಳಬೇಕಾಗಿದೆ ಎಂದು ಮೆಲ್ಲಗೆ ಶುರುಮಾಡಿದಳು. "ಕಾಕಿ, ನಿಮ್ಮ ಕೂಲಿ ರೊಕ್ಕ ಯಾರ ಕೈಯಾಗ ಇರ್ತದ್ರಿ?"

"ನನ್ನ ಕೈಯಾಗ ಬರ್ತದ, ಮನಿ ಹೊಸ್ತಿಲ ದಾಟಿದ್ರ ಅವನ ಕೈಯಾಗ!" ಎಂದಳು ಖಮರಬೀ. ಸುತ್ತಲಿನವರು ಹೋ ಎಂದು ನಕ್ಕರು. "ಯಾಕವಾ, ಬ್ಯಾರೆ ಏನರೇ ಬರದಾರೇನು ಅದರಾಗ?"

ರಾಧಿಕಾ ಅವ್ವನ ಕಡೆ ನೋಡಿದಳು. ಸುಳ್ಳು ಹೇಳಬಹುದಿತ್ತು. "ನಿಮ್ಮ ಕೈಯಾಗೇ ಇರ್ತದ ಅಂತ ಬರದದ. ಅವ್ವ ಬರಸ್ಯಾಳ. ಹೆಬ್ಬಟ್ಟೂ ಅವ್ವನೇ ಒತ್ಯಾಳ. ಎಲ್ಲಾರದೂ."

ನಗು ನಿಂತಿತು.

"ನನ್ನ ಹೆಸರಿನ ಮ್ಯಾಲ?" ಖಮರಬೀಯ ದನಿ ಇಳಿಯಿತು. "ಸಾಬಿ, ನಾ ಒತ್ತಂಗಿಲ್ಲ ಅಂತ ನಿನ್ನ ಮುಂದೇ ಹೇಳಿದ್ದೆನಿಲ್ಲೋ?"

"ನಿಮಗ ಕೆಟ್ಟದ್ದಾಗ್ಲಿ ಅಂತ ಮಾಡಿಲ್ಲ ಖಮರಾ. ಮಗಳ ಪುಸ್ತಕ..."

"ನಿನ್ನ ಮಗಳ ಪುಸ್ತಕಕ್ಕ ನನ್ನ ಹೆಸರು ಬೇಕಾತೇನು? ನಾಳಿ ನನ್ನ ಕಾರ್ಡ್ ಹೋದ್ರ ನೀ ಉಣ್ಣಾಕ ಇಡ್ತಿಯೇನು? ನನ್ನ ಕಾಗದ ನನಗ ಕೊಡು."

"ನಂದೂ ಕೊಡ್ರಿ," ಎಂದಳು ಹಿಂದಿನಿಂದ ಒಬ್ಬಳು. "ನಂದೂ," ಎಂದಳು ಇನ್ನೊಬ್ಬಳು.

ಸತೀಶಕುಮಾರ ತಂಗಿಯ ಕಿವಿಯ ಬಳಿ ಬಗ್ಗಿ, "ಕೊಡಬ್ಯಾಡ ಬೇ, ಕೊಟ್ರ ಎಲ್ಲಾ ಮುಗೀತು," ಎಂದ. ರಾಧಿಕಾ ಕಟ್ಟನ್ನು ಪೂರ್ತಿ ಬಿಚ್ಚಿದಳು. ಹೆಸರು ಓದಿ ಒಂದೊಂದೇ ಫಾರ್ಮನ್ನು ಅವರವರ ಕೈಗೆ ಕೊಟ್ಟಳು. ಬಾರದವರದ್ದನ್ನು ಮನೆಯವರು ಇಸಿದುಕೊಂಡರು. ಖಮರಬೀ ತನ್ನದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಇಟ್ಟುಕೊಂಡು, ಸಾಬವ್ವನ ಕಡೆ ತಿರುಗಿಯೂ ನೋಡದೆ ಹೊಲದ ಬದುವಿನ ಮೇಲೆ ನಡೆದುಹೋದಳು. ಭಜ್ಜಿಯ ಡಬ್ಬಿಯನ್ನು ಯಾರೂ ಖಾಲಿ ಮಾಡಿ ಕೊಡಲಿಲ್ಲ.

ಇನ್ನು ಉಳಿದದ್ದು ಇನ್ನೂರ ಎರಡು ಫಾರ್ಮು, ಇಪ್ಪತ್ತು ದಿನ. ಹದಿನಾಲ್ಕು ಕೋಷ್ಟಕಗಳನ್ನು ಹೊಸದಾಗಿ ಲೆಕ್ಕ ಹಾಕಬೇಕು, ಐದನೆಯ ಅಧ್ಯಾಯವನ್ನು ಬುಡದಿಂದ ಬರೆಯಬೇಕು. ಭಾಗ್ಯಾ ಅಡಿಗೆ ಮುಗಿಸಿ ಬಂದು ಫಾರ್ಮು ಓದುವಳು, ರಾಧಿಕಾ ಗೆರೆ ಎಳೆದು ಗುರುತು ಹಾಕುವಳು. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಸತೀಶಕುಮಾರ ಮೊಬೈಲಿನಲ್ಲಿ ಶೇಕಡಾ ತೆಗೆದುಕೊಡುವನು. "ಮೂವತ್ತೊಂದು ಪಾಯಿಂಟ್ ಆರು. ಬರಕೊ. ಆಮ್ಯಾಲ ನಾ ಹೇಳಿಲ್ಲ ಅನಬ್ಯಾಡ."

ಸಾಬವ್ವ ಮಾತ್ರ ಆ ಕೋಣೆಯೊಳಗೆ ಬರುವುದನ್ನೇ ಬಿಟ್ಟಳು. ಚಹಾವನ್ನು ಹೊಸ್ತಿಲಲ್ಲಿಟ್ಟು ಹೋಗುವಳು. ಓಣಿಯಲ್ಲಿ ಜೀಪಿನ ಸದ್ದಾದರೆ ಹಿತ್ತಲಿಗೆ ಹೋಗಿ ನಿಲ್ಲುವಳು. ಒಂದು ದಿನ ಕರೆಂಟಿನ ಮೀಟರು ನೋಡಲು ಬಂದವನಿಗೆ ಹೆಸರು ಹೇಳದೆ ಬಾಗಿಲು ಹಾಕಿಕೊಂಡಳು. ರಾಧಿಕಾ ನೋಡಿದಳು, ಮಾತಾಡಲಿಲ್ಲ. ಬೇಕೆಂದೇ ಮಾತಾಡಲಿಲ್ಲ. ಧರ್ಮಣ್ಣ ಮಿಲ್ಲಿನಿಂದ ಬಂದವನು ದಿನವೂ ಬಾಗಿಲಲ್ಲಿ ನಿಂತು, "ಆತೇನವಾ?" ಎನ್ನುವನು. "ಇಲ್ಲಪ್ಪಾ," ಎಂದರೆ ತಲೆಯಾಡಿಸಿ ಹೋಗುವನು.

ಇಪ್ಪತ್ತನಾಲ್ಕಕ್ಕೆ ಕಲಬುರಗಿಯ ಬಸ್ ಹತ್ತಿ ರಾಧಿಕಾ ಮೇಡಂ ಮುಂದೆ ಪ್ರಬಂಧ ಇಟ್ಟಳು. ಅಧ್ಯಯನದ ವಿಧಾನ ಹೇಳುವ ಅಧ್ಯಾಯಕ್ಕೆ ಒಂದು ಪುಟ ಹೊಸದಾಗಿ ಸೇರಿಸಿದ್ದಳು. ಸಾಯಿರಾ ಮೇಡಂ ಆ ಪುಟವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಇದು ಬೇಕೇನು? ಮೂವತ್ತೆಂಟು ಬಿಟ್ಟಿದ್ದೇನೆ ಅಂತ ಒಂದು ಸಾಲು ಸಾಕಲ್ಲ?"

"ಯಾಕ ಬಿಟ್ಟಿ ಅಂತ ಕೇಳಿದ್ರ ಏನು ಹೇಳಲ್ರಿ ಮೇಡಂ?"

"ಇದನ್ನ ಓದಿದವರು ಏನು ಕೇಳ್ತಾರೆ ಗೊತ್ತಾ? ಉಳಿದ ಇನ್ನೂರ ಎರಡು ಖರೆ ಅಂತ ಹೆಂಗ ನಂಬೋದು? ಅದರ ಮೇಲೆ ನಾನೂ ಸಹಿ ಹಾಕಬೇಕು ರಾಧಿಕಾ. ಆರು ವರ್ಷ ನಿನ್ನ ನಂಬಿದ್ದೇನೆ." ಅವರು ಪ್ರಬಂಧವನ್ನು ಮೇಜಿನ ಒಳಗಿಟ್ಟು ಬೀಗ ಹಾಕಿದರು. "ಮೂವತ್ತಕ್ಕೆ ಬಾ. ಫಾರ್ಮು ಎಲ್ಲಾ ತಗೊಂಡು ಬಾ."

ಸಹಿ ಹಾಕುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಆ ಆರು ದಿನ ರಾಧಿಕಾ ಹೇಗೆ ಕಳೆದಳೋ. ಮೇಡಂ ಸಹಿ ಹಾಕದಿದ್ದರೆ ಮುಂದಿನ ಜೂನಿನಲ್ಲಿ ತಾನೂ ಅವ್ವನ ಜೊತೆ ಮಿಲ್ಲಿನಲ್ಲಿ ಬೇಳೆ ಆರಿಸಲು ಕೂರಬೇಕಾಗಬಹುದು ಎಂದುಕೊಂಡಳು. ಅದು ಅವಮಾನವಲ್ಲ ಎಂದು ಪ್ರಬಂಧದಲ್ಲಿ ತಾನೇ ಬರೆದದ್ದು ನೆನಪಾಗಿ, ತನ್ನ ಭಯಕ್ಕೇ ನಾಚಿದಳು.

ಮೂವತ್ತರಂದು ಮೇಡಂ ಫಾರ್ಮಿನ ರಾಶಿಯಿಂದ, ಇಸ್ಪೀಟಿನ ಎಲೆ ತೆಗೆದ ಹಾಗೆ, ಎಲ್ಲೆಲ್ಲಿಂದಲೋ ಐದನ್ನು ಎಳೆದರು. ಫೋನನ್ನು ಮೇಜಿನ ಮೇಲಿಟ್ಟು ಇಬ್ಬರಿಗೂ ಕೇಳುವಂತೆ ಮಾಡಿ ಮೊದಲ ನಂಬರು ಒತ್ತಿದರು. ಅದು ಬಳಕೆಯಲ್ಲಿಲ್ಲ ಎಂದಿತು. ಎರಡನೆಯದನ್ನು ಯಾರೋ ಗಂಡಸು ಎತ್ತಿ, "ರಾಂಗ್ ನಂಬರ್ ರೀ," ಎಂದು ಇಟ್ಟ. ಮೂರನೆಯದು ಬಡಿದು ಬಡಿದು ನಿಂತಿತು. ರಾಧಿಕಾ ಕುರ್ಚಿಯ ಅಂಚನ್ನು ಹಿಡಿದುಕೊಂಡಳು. "ಮೂರ್ನಾಲ್ಕು ವರ್ಷ ಆದ್ವು ಮೇಡಂ, ಸಿಮ್ ಬದಲಿ ಮಾಡಿರ್ತಾರ..." ಎಂದಳು. ಆ ಮಾತು ಅವಳಿಗೇ ಸುಳ್ಳಿನಂತೆ ಕೇಳಿಸಿತು. ಮೇಡಂ ನಾಲ್ಕನೆಯದನ್ನು ಒತ್ತಿದರು.

"ಹಲೋ, ಯಾರ್ರಿ?" ಹೆಂಗಸಿನ ದನಿ. ಹಿಂದೆ ರಾಶಿ ಯಂತ್ರದ ಸದ್ದು.

"ನರೋಣಾದವರೇನ್ರಿ? ನಿಮ್ಮ ಮನೆಗೆ ಯಾರಾದರೂ ಹುಡುಗಿ ಬಂದು ಕೂಲಿ ಬಗ್ಗೆ ಕೇಳಿ ಬರಕೊಂಡಿದ್ದಳೇನು? ಎರಡು ಮೂರು ವರ್ಷದ ಹಿಂದೆ?"

"ಯಾಕ್ರಿ, ಏನಾತ್ರಿ ಆಕಿಗಿ?"

"ಏನೂ ಆಗಿಲ್ಲ. ಬಂದಿದ್ದಳೇನು?"

"ಬಂದಿದ್ಳಲ್ರಿ! ಬಿಸಲಾಗ ಬಂದು ಬಾವಿ ಕಟ್ಟಿಮ್ಯಾಲ ಕುಂತಿದ್ಳು. ಎಷ್ಟು ಪ್ರಶ್ನಿ ಕೇಳ್ತಿ ಮಾರಾಯ್ತಿ, ನಮ್ಮತ್ತಿ ಸೈತ ಇಷ್ಟು ಕೇಳಿಲ್ಲ ಅಂದಿದ್ದೆ. ನಾ ಹೇಳಿದ್ದನ್ನ ತಿರುಗಿ ನನಗೇ ಓದಿ ಹೇಳಿದ್ಳು, ಖರೇ ಅದನಿಲ್ಲೋ ಅಂತ. ಆಕಿದು ಲಗ್ನ ಆತೇನ್ರಿ?"

ಮೇಡಂ ಫೋನು ಇಟ್ಟರು. ಐದನೆಯದನ್ನು ಒತ್ತಲಿಲ್ಲ. ಪ್ರಮಾಣಪತ್ರದ ಹಾಳೆ ತೆಗೆದು ಸಹಿ ಹಾಕಿ, ಮೊಹರು ಒತ್ತಿ, ನಿಟ್ಟುಸಿರು ಬಿಟ್ಟರು. "ಮೌಖಿಕ ಪರೀಕ್ಷೆಯಲ್ಲಿ ಈ ಪುಟದ ಮೇಲೇ ಕೇಳ್ತಾರೆ. ನಾನು ನಿನ್ನ ಪರ ಮಾತಾಡೋಕೆ ಬರಲ್ಲ. ತಯಾರಿರು."

"ಹೆದರಿಕಿ ಆಗಾಕತ್ತದ ಮೇಡಂ."

"ಆಗಲಿ."

ಮೂವತ್ತೊಂದರ ಮಧ್ಯಾಹ್ನ ಪ್ರಬಂಧ ಒಪ್ಪಿಸಿ ರಸೀದಿ ತಂದಳು. ಸತೀಶಕುಮಾರ ಜಿಲೇಬಿ ತಂದಿದ್ದ. ಧರ್ಮಣ್ಣ ರಸೀದಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದ. ಸಾಬವ್ವ ಜಿಲೇಬಿ ಮುಟ್ಟಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಬಂದು ಮಗಳ ಹತ್ತಿರ ಕೂತಳು. ಇಪ್ಪತ್ತು ದಿನದಲ್ಲಿ ಅದೇ ಮೊದಲ ಸಲ.

"ನಾ ಮಾಡಿದ್ದು ಅದರಾಗ ಬರದಿ?"

"ಬರದೇನಿ."

"ನನ್ನ ಹೆಸರು ಹಾಕಿ?"

"ಇಲ್ಲವ್ವಾ. ನಾನೇ ಹೋಗಬೇಕಿತ್ತು, ಹೋಗಲಿಲ್ಲ, ಹೋಗಿದ್ದೇನಿ ಅಂತ ಸಹಿ ಮಾಡ್ದೆ ಅಂತ ಬರದೇನಿ. ಹೆಬ್ಬಟ್ ನಮ್ಮ ಮನಿಯವರದು ಅಂತ ಬರದೇನಿ."

"ಅವರು ಏನು ಮಾಡ್ತಾರ ನಿನಗ?"

"ಗೊತ್ತಿಲ್ಲ."

ಸಾಬವ್ವ ಎದ್ದು ಹೋಗಿ ಮಲಗಿದಳು.

ಬೆಳಿಗ್ಗೆ ರಾಧಿಕಾ ಎದ್ದಾಗ ಅವ್ವ ತಲೆ ಬಾಚಿ, ಒಗೆದ ಸೀರೆ ಉಟ್ಟು, ಚಪ್ಪಲಿ ಮೆಟ್ಟುತ್ತಿದ್ದಳು. ಕೈಯಲ್ಲಿ ಚೀಲವಿಲ್ಲ, ಬುತ್ತಿಯಿಲ್ಲ.

"ಎಲ್ಲಿಗಿ?"

"ಸರಸಂಬಾಕ. ಐದೂವರಿ ಬಸ್ಸಿಗಿ. ಖಮರಾ ಹೊಲಕ್ಕ ಹೋಗೋದರಾಗ ಮುಟ್ಟಬೇಕು."

"ಒಬ್ಬಾಕೀನೇ? ತಡಿ, ಅಣ್ಣಗ ಎಬ್ಬಸ್ತೇನಿ. ಇಲ್ಲಾಂದ್ರ ನಾ ಮೊದಲ ಫೋನ್ ಮಾಡಿ ಹೇಳ್ತೇನಿ."

"ಬ್ಯಾಡ. ಫೋನ್ ಮಾಡಿದ್ರ ಆಕಿ ಬರಬ್ಯಾಡ ಅಂತಾಳ."

"ಹೋದ ಮ್ಯಾಲ ಒಳಗ ಕರೀಲಿಲ್ಲಂದ್ರ?"

ಸಾಬವ್ವ ಸೆರಗನ್ನು ಹೊದ್ದುಕೊಂಡಳು. "ಹೊರಗೇ ನಿಂದ್ರತೇನಿ."

ರಾಧಿಕಾ ನಿಲ್ದಾಣದವರೆಗೆ ಜೊತೆಗೆ ನಡೆದಳು. ಬಸ್ಸಿನಲ್ಲಿ ರಾಶಿಗೆ ಹೋಗುವ ಹೆಂಗಸರು ಕಿಕ್ಕಿರಿದಿದ್ದರು. ಅವರ ನಡುವೆ ಅವ್ವ ಹೇಗೋ ತೂರಿಕೊಂಡು ಸರಳು ಹಿಡಿದು ನಿಂತಳು. ಕಂಡಕ್ಟರ್ ಸೀಟಿ ಊದಿದ. ರಾಧಿಕಾ ಫೋನು ತೆಗೆದು ಖಮರಬೀಯ ನಂಬರು ಹುಡುಕಿದಳು. ಅವ್ವ ಬರಾಕತ್ತಾಳ, ಸಿಟ್ಟಿಗೇಳಬ್ಯಾಡ್ರಿ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಬಸ್ಸು ನಿಲ್ದಾಣದ ತಿರುವು ದಾಟಿ ಮರೆಯಾಗುವವರೆಗೆ ಬೆರಳು ಆ ಹೆಸರಿನ ಮೇಲೆಯೇ ಇತ್ತು. ಆಮೇಲೆ ಅವಳು ಫೋನನ್ನು ಚೀಲದೊಳಗೆ ಹಾಕಿ ಮನೆಯ ಕಡೆ ನಡೆದಳು.